ಅಗ್ಗದ ಟಿಕೆಟ್, ಅಪರೂಪದ ಗಾಡಿ

ಕಾಯ್ದಿರಿಸಿದ ರೈಲು ಟಿಕೆಟ್ಟಿನ ಮೇಲೆ ಕೆಲವು ವರ್ಷಗಳಿಂದ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಅಚ್ಚಾಗಿ ಬರುತ್ತಿದೆ. ಪ್ರಯಾಣಕ್ಕೆ ತಗಲುವ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ಭಾರತೀಯ ರೈಲ್ವೆ ವಸೂಲು ಮಾಡುತ್ತದೆ ಎಂಬುದು ಅದರ ತಾತ್ಪರ್ಯ. ವಿಜಯಪುರದ ನಿಲ್ದಾಣದಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ದಾರಿ ಕಾಯುತ್ತ ಕುಳಿತವನು ಅದನ್ನು ಓದಿದರೆ ಇಷ್ಟು ಕಡಿಮೆ ಹಣದಲ್ಲಿ ಬೆಂಗಳೂರು ಮುಟ್ಟಿಸುತ್ತಾರಲ್ಲ ಎಂದು ಸಮಾಧಾನಪಡಬೇಕೋ, ಅದನ್ನು ಹೀಗೆ ಎತ್ತಿ ಆಡುವುದೇಕೆ ಎಂದು ಬೇಸರಪಡಬೇಕೋ ತಿಳಿಯದೆ ಟಿಕೆಟ್ಟನ್ನು ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾನೆ. ರೊಟ್ಟಿ ಬಡಿಸುತ್ತಲೇ ಜೋಳದ ಧಾರಣೆ ಹೇಳುವ ಮನೆಯಲ್ಲಿ ತುತ್ತು ಇಳಿಯುವುದು ಕಷ್ಟ. ಆದರೆ ಆ ಸಾಲು ಹೇಳದೆ ಬಿಟ್ಟ ಮಾತೊಂದಿದೆ: ಉಳಿದ ಶೇ 43ನ್ನು ಕೊಡುವವರು ಯಾರು? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯ ಉತ್ತರ ದಿನವೂ ಕಣ್ಣೆದುರಿಗೇ ಹಾದು ಹೋಗುತ್ತದೆ.

ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರಗಳ ಪ್ರಕಾರ 2022–23ರಲ್ಲಿ ಪ್ರಯಾಣಿಕರ ಟಿಕೆಟ್ಟಿನ ಮೇಲೆ ನೀಡಿದ ಸಹಾಯಧನ 56,993 ಕೋಟಿ ರೂಪಾಯಿ. 2023–24ರಲ್ಲಿ ಅದು 60,466 ಕೋಟಿಗೆ ಏರಿತು. ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಕರೆದೊಯ್ಯಲು 1.38 ರೂಪಾಯಿ ಖರ್ಚಾಗುತ್ತದೆ, ನಾವು ಪಡೆಯುವುದು 73 ಪೈಸೆ ಎಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅವರು 2025ರ ಮಾರ್ಚ್‌ನಲ್ಲಿ ಸದನದಲ್ಲಿ ಹೇಳಿದರು. ಅಂದರೆ ಕಿಲೋಮೀಟರಿಗೆ 65 ಪೈಸೆಯ ಕೊರತೆ. ನಮ್ಮವರೇ ಆದ ಡಿ.ವಿ. ಸದಾನಂದ ಗೌಡರು 2014ರ ಜುಲೈನಲ್ಲಿ ರೈಲ್ವೆ ಬಜೆಟ್ ಮಂಡಿಸುವಾಗ ಇದೇ ಕೊರತೆ 2000–01ರಲ್ಲಿ 10 ಪೈಸೆ ಇದ್ದದ್ದು 2012–13ಕ್ಕೆ 23 ಪೈಸೆ ಆಗಿದೆ ಎಂದು ಚಿಂತೆ ವ್ಯಕ್ತಪಡಿಸಿದ್ದರು. ಎರಡೂ ಲೆಕ್ಕಗಳ ವಿಧಾನ ಒಂದೇ ಇರಲಿಕ್ಕಿಲ್ಲ. ಆದರೂ ಕೊರತೆ ಯಾವ ದಿಕ್ಕಿಗೆ ಸಾಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಈ ಹಣ ದೆಹಲಿಯ ಬೊಕ್ಕಸದಿಂದ, ನಾವು ಕಟ್ಟಿದ ತೆರಿಗೆಯಿಂದ ಬರುತ್ತದೆ ಎಂದೇ ಹೆಚ್ಚಿನವರ ತಿಳಿವಳಿಕೆ. ಅದು ಅರ್ಧ ಮಾತ್ರ ಸರಿ. 1924ರಿಂದ ಬೇರೆಯಾಗಿಯೇ ನಡೆದುಬಂದ ರೈಲ್ವೆ ಬಜೆಟ್ 2017ರಲ್ಲಿ ಸಾಮಾನ್ಯ ಬಜೆಟ್ಟಿನೊಳಗೆ ಸೇರಿಕೊಂಡ ಮೇಲೆ ಹೊಸ ಮಾರ್ಗ, ಜೋಡಿ ಹಳಿ, ಎಂಜಿನ್ನು, ಬೋಗಿ ಇವುಗಳಿಗೆಲ್ಲ ಕೇಂದ್ರದಿಂದ ದೊಡ್ಡ ಮೊತ್ತ ಬರುತ್ತಿದೆ ನಿಜ. ಆದರೆ ದಿನನಿತ್ಯ ಗಾಡಿ ಓಡಿಸುವುದರಲ್ಲಿ ಆಗುವ ಕೊರತೆಯನ್ನು ಮುಖ್ಯವಾಗಿ ತುಂಬುತ್ತಿರುವುದು ಗೂಡ್ಸ್ ಗಾಡಿಗಳ ಬಾಡಿಗೆ. ಪ್ರಯಾಣಿಕನಿಂದ ಕಡಿಮೆ ಪಡೆದು, ಕಲ್ಲಿದ್ದಲು, ಸಿಮೆಂಟು, ಅದಿರು, ಗೊಬ್ಬರ ಸಾಗಿಸುವವರಿಂದ ಹೆಚ್ಚು ಪಡೆದು ಸರಿದೂಗಿಸುವ ಪದ್ಧತಿ ದಶಕಗಳಿಂದ ನಡೆದಿದೆ. 2023–24ರಲ್ಲಿ ರೈಲ್ವೆ ಸಾಗಿಸಿದ ಒಟ್ಟು ಸರಕು ಸುಮಾರು 159 ಕೋಟಿ ಟನ್. ಅದರಲ್ಲಿ ಅರ್ಧದಷ್ಟು ಬರೀ ಕಲ್ಲಿದ್ದಲು. ಹಾಗಾಗಿ ನನ್ನ ಟಿಕೆಟ್ಟಿನ ಉಳಿದ ಪಾಲನ್ನು ಕೊಡುವವರ ಸಾಲಿನಲ್ಲಿ ಕಲ್ಲಿದ್ದಲು ಮುಂದೆ ನಿಂತಿದೆ.

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇದೆ. ಅದು ಶುರುವಾದ ಮೇಲೆ, ಸೋಲಾಪುರದ ಹತ್ತಿರದ ಹೊಟಗಿಯಿಂದ ಗದಗಿಗೆ ಬರುವ ಮಾರ್ಗ ಇನ್ನೂ ಒಂಟಿ ಹಳಿಯದಾಗಿದ್ದ ದಿನಗಳಲ್ಲಿ, ಇಂಡಿ ರೋಡ್, ಮಿಂಚನಾಳದಂಥ ಸಣ್ಣ ನಿಲ್ದಾಣಗಳಲ್ಲಿ ಪ್ಯಾಸೆಂಜರ್ ಗಾಡಿಯನ್ನು ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ ಹಾಕಿ ಎದುರಿನ ಗಾಡಿ ದಾಟುವ ತನಕ ಕ್ರಾಸಿಂಗಿಗೆ ನಿಲ್ಲಿಸುವುದು ನಮಗೆಲ್ಲ ರೂಢಿಯಾಗಿತ್ತು. ಗಂಡಸರು ಇಳಿದು ಬೇವಿನ ಗಿಡದ ನೆರಳಿಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ರೊಟ್ಟಿಯ ಗಂಟು ಬಿಚ್ಚಿ ಶೇಂಗಾ ಚಟ್ನಿ ಹಂಚುತ್ತಿದ್ದರು. ದೂರದಲ್ಲಿ ಎರಡು ಎಂಜಿನ್ನುಗಳ ಸದ್ದು ಕೇಳಿದ ಕೂಡಲೇ ಅನುಭವಸ್ಥರು ಗಂಟನ್ನು ಸೆರಗಿನಲ್ಲಿ ಮುಚ್ಚುತ್ತಿದ್ದರು, ಏಕೆಂದರೆ ಗಾಡಿ ಹಾದುಹೋದ ಮೇಲೆ ಕಿಟಕಿಯ ಸರಳಿನ ಮೇಲೂ ರೊಟ್ಟಿಯ ಮೇಲೂ ಕಪ್ಪು ಹುಡಿ ಕೂರುತ್ತಿತ್ತು. ಹುಡುಗರು ವ್ಯಾಗನ್ನುಗಳನ್ನು ಎಣಿಸಲು ಶುರುಮಾಡಿ ಐವತ್ತು ದಾಟುವುದರೊಳಗೆ ತಪ್ಪುತ್ತಿದ್ದರು. ಒಂದೊಂದು ಗೂಡ್ಸ್ ಗಾಡಿಯಲ್ಲಿ ನಾಲ್ಕು ಸಾವಿರ ಟನ್ನಿನ ಆಸುಪಾಸು ಕಲ್ಲಿದ್ದಲು. ಕೊನೆಯ ಡಬ್ಬಿಯಿಂದ ಗಾರ್ಡ್ ಹಸಿರು ಬಾವುಟ ತೋರಿಸಿ ಮರೆಯಾದ ಮೇಲೆಯೂ ನಮಗೆ ಸಿಗ್ನಲ್ ಸಿಗಲು ಹೊತ್ತಾಗುತ್ತಿತ್ತು. ನಮ್ಮ ಗಾಡಿಯನ್ನು ತಡೆದು ನಿಲ್ಲಿಸಿದ ಆ ಕರಿಯ ಗಾಡಿಯೇ ನಮ್ಮ ಟಿಕೆಟ್ಟನ್ನು ಅಗ್ಗವಾಗಿಸಿದ ಧಣಿ ಎಂಬುದು ಬೇವಿನ ನೆರಳಿನಲ್ಲಿ ಬೀಡಿ ಸೇದುತ್ತ ಬೈಯುತ್ತಿದ್ದ ಯಾರಿಗೂ ಹೊಳೆಯುತ್ತಿರಲಿಲ್ಲ. ಧಣಿಗೆ ಮೊದಲು ದಾರಿ ಬಿಡುವುದು ವ್ಯವಹಾರದ ದೃಷ್ಟಿಯಿಂದ ನ್ಯಾಯವೂ ಆಗಿತ್ತೆನ್ನಿ. ಹೊಟಗಿಯಿಂದ ಕೂಡಗಿಯವರೆಗೆ ಜೋಡಿ ಹಳಿ ಹಾಕಲು ಹಣ ಕೊಟ್ಟದ್ದೂ ಎನ್‌ಟಿಪಿಸಿಯೇ. ಇಂದು ಆ ಭಾಗದಲ್ಲಿ ಕ್ರಾಸಿಂಗಿನ ಕಾಟ ತಗ್ಗಿದ್ದರೆ ಅದೂ ಕಲ್ಲಿದ್ದಲಿನ ಪುಣ್ಯ.

ಕಲ್ಲಿದ್ದಲಿನ ಬಾಡಿಗೆ ಕಲ್ಲಿದ್ದಲಿನ ತಲೆಯ ಮೇಲೆಯೇ ನಿಲ್ಲುವುದಿಲ್ಲ. ಪ್ರಯಾಣಿಕರ ಕೊರತೆ ತುಂಬಲು ರೈಲ್ವೆ ಕಲ್ಲಿದ್ದಲಿಗೆ ವಿಧಿಸುವ ಹೆಚ್ಚುವರಿ ದರದಿಂದ ವಿದ್ಯುತ್ತಿನ ಬೆಲೆ ಯೂನಿಟ್ಟಿಗೆ ಸುಮಾರು 10 ಪೈಸೆ ಏರುತ್ತದೆ ಎಂದು ಬ್ರೂಕಿಂಗ್ಸ್ ಇಂಡಿಯಾ ಸಂಸ್ಥೆಯ 2018ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಹತ್ತು ಪೈಸೆ ಕೇಳಲು ಚಿಲ್ಲರೆ. ಹಿಟ್ಟಿನ ಗಿರಣಿಯವನಿಗೆ, ಜಿನ್ನಿಂಗ್ ಮಿಲ್ಲಿನವನಿಗೆ ಅದು ತಿಂಗಳ ಕೊನೆಗೆ ಚಿಲ್ಲರೆಯಾಗಿ ಉಳಿಯುವುದಿಲ್ಲ. ಇದರಲ್ಲಿ ಇನ್ನೊಂದು ಸುತ್ತೂ ಇದೆ. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಯೋಜನೆಯಡಿ ಮನೆಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಆ ಬಿಲ್ಲನ್ನು ರಾಜ್ಯ ಸರ್ಕಾರ ತುಂಬುತ್ತದೆ. ಹಾಗಾದರೆ ಕೇಂದ್ರದ ರೈಲ್ವೆ ಟಿಕೆಟ್ಟಿನ ಮೇಲೆ ಅಚ್ಚು ಹಾಕಿ ಹೇಳಿಕೊಳ್ಳುವ ಔದಾರ್ಯದ ಒಂದಿಷ್ಟು ಪಾಲನ್ನು, ಕಲ್ಲಿದ್ದಲಿನ ದಾರಿಯಿಂದ ಬಳಸಿ ಬಂದು, ರಾಜ್ಯದ ಬೊಕ್ಕಸವೇ ಕೊಡುತ್ತಿದೆ. ಕೊಡುವವನಿಗೆ ತಾನು ಕೊಡುತ್ತಿದ್ದೇನೆ ಎಂದು ಗೊತ್ತಿಲ್ಲ, ಪಡೆಯುವವನಿಗೆ ಯಾರಿಂದ ಪಡೆದೆ ಎಂದು ಗೊತ್ತಿಲ್ಲ. ಸಹಾಯಧನದ ಬಗೆಗಿನ ನನ್ನ ಮುಖ್ಯ ತಕರಾರು ಇದೇ. ಅದು ಇರಬಾರದು ಎಂದಲ್ಲ. ಅದು ಹೀಗೆ ಕಣ್ಣಿಗೆ ಬೀಳದಂತೆ ಹರಿಯಬಾರದು ಎಂದು.

ಇರಬೇಕು ಎನ್ನಲು ನಮ್ಮ ಸೀಮೆಯಲ್ಲಿ ಕಾರಣಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೊಟಗಿಯಿಂದ ಗದಗಿಗೆ ಬಂದ ಮೀಟರ್ ಗೇಜ್ ಹಳಿ ಹುಟ್ಟಿದ್ದೇ ಲಾಭಕ್ಕಾಗಿ ಅಲ್ಲ. ಧಾತು ಸಂವತ್ಸರದ ಬರ ಎಂದು ಹಿರಿಯರು ಹೇಳುತ್ತಿದ್ದ 1876–78ರ ಕ್ಷಾಮದಲ್ಲಿ ವಿಜಯಪುರ, ಬಾಗಲಕೋಟೆ ಭಾಗದ ಹಳ್ಳಿಗೆ ಹಳ್ಳಿಗಳು ಬರಿದಾದವು. ಬೇರೆ ಕಡೆ ಧಾನ್ಯ ಇದ್ದರೂ ಇಲ್ಲಿಗೆ ತಂದು ಮುಟ್ಟಿಸುವ ದಾರಿ ಇರಲಿಲ್ಲ. ಆ ಪಾಠದಿಂದ ಕ್ಷಾಮ ನಿವಾರಣೆಯ ಮಾರ್ಗವೆಂದು ಯೋಜಿಸಿ, 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಯಲ್ಲಿ 1884ರ ಹೊತ್ತಿಗೆ ಓಡಿಸತೊಡಗಿದ ಹಳಿ ಇದು. ಕಂಪನಿಯ ಬಂಡವಾಳಕ್ಕೆ ಬಡ್ಡಿಯ ಖಾತರಿಯನ್ನು ಸರ್ಕಾರ ಕೊಟ್ಟಿತ್ತು. ಆ ಖಾತರಿಯ ಭಾರ ಬಿದ್ದದ್ದು ಇಲ್ಲಿಯ ಕಂದಾಯ ಕಟ್ಟುವ ರೈತನ ಮೇಲೆ. ಹೀಗೆ ನಮ್ಮ ಹಳಿಗೆ ಸಹಾಯಧನ ಹೊಸ ರೋಗವಲ್ಲ. ಆಗ ಅದು ಲಂಡನ್ನಿನ ಷೇರುದಾರನಿಗೆ ಸಿಗುತ್ತಿತ್ತು, ಈಗ ನಮ್ಮ ಇಂಡಿ ಊರಿನ ಪ್ರಯಾಣಿಕಳಿಗೆ ಸಿಗುತ್ತಿದೆ. ಎರಡರಲ್ಲಿ ಯಾವುದು ಮೇಲು ಎಂದು ನನ್ನನ್ನು ಕೇಳಬೇಕಾಗಿಲ್ಲ.

ಇಂಡಿ ಊರಿನ ಪ್ರಯಾಣಿಕಳು ಎಂದದ್ದು ಸುಮ್ಮನೆ ಅಲ್ಲ. ನಮ್ಮ ಜಿಲ್ಲೆಯ ಉತ್ತರ ಭಾಗದ ಜನಕ್ಕೆ ದೊಡ್ಡ ಆಸ್ಪತ್ರೆ ಎಂದರೆ ಸೋಲಾಪುರ, ಸಂತೆಯ ಮಾಲು ಎಂದರೆ ಸೋಲಾಪುರ, ಪಂಢರಪುರದ ದಾರಿಯೂ ಅದೇ. ಬೆಳಗಿನ ಗಾಡಿಯಲ್ಲಿ ಎಕ್ಸರೇ ಫಿಲ್ಮಿನ ದೊಡ್ಡ ಲಕೋಟೆ ಹಿಡಿದು ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ಹಿರಿಯ ತಾಯಿಯನ್ನು, ರಾಜ್ಯದ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ ಇರುವಾಗ ರೈಲಿಗೆ ಏಕೆ ಬಂದಿರಿ ಎಂದು ಕೇಳಿದ್ದೆ. "ಬಸ್ಸಿನ್ಯಾಗ ಪುಕ್ಕಟೆ ಐತಿ ಖರೆ ತಮ್ಮಾ, ಆದರ ಅದು ಧೂಳಖೇಡ ತನಕ. ದವಾಖಾನಿ ಇರೋದು ಹೊಳಿ ಆಚೆ ದಂಡಿಗಿ" ಎಂದರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ರಾಜ್ಯ ಸರ್ಕಾರದ ಸಹಾಯಧನ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಆಚೆಗೂ ಜನರ ಬದುಕು ಹರಡಿರುತ್ತದೆ, ಗಡಿ ಜಿಲ್ಲೆಗಳಲ್ಲಂತೂ ವಿಶೇಷವಾಗಿ. ಅಲ್ಲಿ ಕೈಹಿಡಿಯುವುದು ರೈಲು. ಹಾಗೆಯೇ ಸುಗ್ಗಿ ಮುಗಿದ ಮೇಲೆ ಹುಬ್ಬಳ್ಳಿ ದಾಟಿ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಕುಟುಂಬಗಳು, ಮಂಗಳೂರಿನ ಗಾರೆ ಕೆಲಸಕ್ಕೆ ಹೋಗುವವರು, ತಟ್ಟು, ಬುಟ್ಟಿ, ಪಾತ್ರೆ, ಮಕ್ಕಳ ಸಮೇತ ಜನರಲ್ ಬೋಗಿಗೆ ಹತ್ತುವುದನ್ನು ಕಂಡವರಿಗೆ ಅಗ್ಗದ ಟಿಕೆಟ್ಟಿನ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ವಿಜಯಪುರದಿಂದ ಬಾಗಲಕೋಟೆಗೆ ರೈಲಿನ ಜನರಲ್ ಟಿಕೆಟ್ ಬಸ್ಸಿನ ದರದ ಅರ್ಧವೂ ಆಗುವುದಿಲ್ಲ. 2025ರ ಜನವರಿಯಲ್ಲಿ ರಾಜ್ಯದ ಬಸ್ ದರ ಶೇ 15ರಷ್ಟು ಏರಿದ ಮೇಲೆ ಉಚಿತ ಪ್ರಯಾಣವಿಲ್ಲದ ಗಂಡಸರ ಮಟ್ಟಿಗೆ ಈ ಅಂತರ ಇನ್ನಷ್ಟು ಹೆಚ್ಚಿತು.

ರಸ್ತೆಯ ಜೊತೆ ಹೋಲಿಸುವಾಗ ಒಂದು ಅನ್ಯಾಯವನ್ನೂ ಗಮನಿಸಬೇಕು. ಬಸ್ಸು ಓಡುವ ಹೆದ್ದಾರಿಯನ್ನು ಬಸ್ಸಿನ ಕಂಪನಿ ಕಟ್ಟುವುದಿಲ್ಲ, ದುರಸ್ತಿ ಮಾಡುವುದಿಲ್ಲ, ಅದಕ್ಕೆ ಕಾವಲುಗಾರನನ್ನು ಇಡುವುದಿಲ್ಲ. ಟೋಲು ಕೊಟ್ಟು, ಡೀಸೆಲ್ಲಿನ ಮೇಲೆ ತೆರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ರೈಲ್ವೆಯಾದರೋ ತನ್ನ ಹಳಿಯನ್ನು, ಸೇತುವೆಯನ್ನು, ಸಿಗ್ನಲ್ಲನ್ನು, ಗೇಟನ್ನು, ಗ್ಯಾಂಗಮನ್ನನ ಸಂಬಳವನ್ನು, ನಿವೃತ್ತರ ಪಿಂಚಣಿಯನ್ನು ಎಲ್ಲ ತನ್ನ ಗಳಿಕೆಯಿಂದಲೇ ನೋಡಿಕೊಳ್ಳಬೇಕು. ಇತ್ತೀಚಿನ ವರ್ಷಗಳಲ್ಲಿ ಅದು ನೂರು ರೂಪಾಯಿ ಗಳಿಸಿದರೆ ತೊಂಬತ್ತೆಂಟರ ಆಸುಪಾಸು ಖರ್ಚಾಗಿ ಹೋಗುತ್ತಿದೆ. ಆದ್ದರಿಂದ ರೈಲಿನ ಪ್ರಯಾಣಿಕ ಸರ್ಕಾರದ ಭಿಕ್ಷೆಯಲ್ಲಿ ತಿರುಗುತ್ತಾನೆ, ಕಾರಿನವನು ಸ್ವಂತ ದುಡ್ಡಿನಲ್ಲಿ ತಿರುಗುತ್ತಾನೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಯಾಣಿಕರ ನಷ್ಟದ ಲೆಕ್ಕವೂ ಕಲ್ಲಿನ ಮೇಲೆ ಕೊರೆದದ್ದಲ್ಲ. ಒಂದೇ ಹಳಿಯ ಮೇಲೆ ಗೂಡ್ಸೂ ಓಡುತ್ತದೆ, ಪ್ಯಾಸೆಂಜರೂ ಓಡುತ್ತದೆ. ಸ್ಟೇಶನ್ ಮಾಸ್ತರರ ಸಂಬಳದಲ್ಲಿ ಯಾರ ಪಾಲೆಷ್ಟು, ಆಲಮಟ್ಟಿಯ ಕೃಷ್ಣಾ ಸೇತುವೆಯ ಸವೆತದಲ್ಲಿ ಯಾರ ಪಾಲೆಷ್ಟು ಎಂಬುದನ್ನು ಯಾವುದೋ ಸೂತ್ರದ ಪ್ರಕಾರ ಹಂಚಿಹಾಕಬೇಕು. ನಾಳೆ ಎಲ್ಲ ಪ್ಯಾಸೆಂಜರ್ ಗಾಡಿಗಳನ್ನು ನಿಲ್ಲಿಸಿದರೂ ಆ ಸೇತುವೆಯ ಖರ್ಚು ಹಾಗೆಯೇ ಉಳಿಯುತ್ತದೆ. ಹೀಗಾಗಿ ಅರವತ್ತು ಸಾವಿರ ಕೋಟಿಯನ್ನು ಪೂರ್ತಿ ನಷ್ಟವೆಂದು ಓದುವಾಗ ಸ್ವಲ್ಪ ಕೈ ಬಿಗಿ ಹಿಡಿಯಬೇಕು. ಇಷ್ಟನ್ನು ಹೇಳಿ ಮುಂದಿನ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಸಹಾಯಧನದ ದೊಡ್ಡ ದೋಷ ಹಣದ ಮೊತ್ತದಲ್ಲಿಲ್ಲ.

ಯಾವ ಗಿರಾಕಿಯಿಂದ ಪ್ರತಿ ಸಲವೂ ನಷ್ಟವೇ ಆಗುತ್ತದೆಯೋ ಆ ಗಿರಾಕಿ ಹೆಚ್ಚು ಬರಲಿ ಎಂದು ಯಾವ ಅಂಗಡಿಕಾರನೂ ಬಯಸುವುದಿಲ್ಲ. ಅಂಗಡಿ ಸರ್ಕಾರದ್ದಾದರೂ ಮನುಷ್ಯ ಸ್ವಭಾವ ಬದಲಾಗುವುದಿಲ್ಲ. ಹಲವು ವರ್ಷಗಳ ಮಹಾಲೇಖಪಾಲರ ವರದಿಗಳನ್ನು ನೋಡಿದರೆ ಪ್ರಯಾಣಿಕರ ದರ್ಜೆಗಳಲ್ಲಿ ಲಾಭ ತೋರಿಸುತ್ತ ಬಂದದ್ದು ಬಹುಮಟ್ಟಿಗೆ ಎಸಿ ತ್ರೀ ಟಯರ್. ಸ್ಲೀಪರ್ ಮತ್ತು ಸಾಮಾನ್ಯ ಎರಡನೆ ದರ್ಜೆಗಳು ದೊಡ್ಡ ನಷ್ಟದವು. ಇದನ್ನು ತಿಳಿದ ಮೇಲೆ ಅನೇಕ ಗಾಡಿಗಳಲ್ಲಿ ಸ್ಲೀಪರ್ ಬೋಗಿ ಕಡಿಮೆಯಾಗಿ ಎಸಿ ಬೋಗಿ ಹೆಚ್ಚಿದ್ದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ದೇಶದೆಲ್ಲೆಡೆ ಕೂಗೆದ್ದ ಮೇಲೆ ಜನರಲ್ ಬೋಗಿಗಳನ್ನು ಮತ್ತೆ ಸೇರಿಸುತ್ತಿದ್ದಾರೆ, ಒಳ್ಳೆಯದು. ಆದರೆ ಕೂಗಬೇಕಾಯಿತು ಎಂಬುದೇ ಮುಖ್ಯ. ಬೆಳಗಾವಿಗೆ 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬಂತು, 2025ರ ಆಗಸ್ಟಿನಲ್ಲಿ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಬಂತು. ಎರಡಕ್ಕೂ ಹೂವಿನ ಹಾರ, ಬ್ಯಾಂಡು, ಭಾಷಣ. ನನಗೆ ಆ ಗಾಡಿಗಳ ಮೇಲೆ ಸಿಟ್ಟಿಲ್ಲ. ಹೆಚ್ಚು ಕೊಡಬಲ್ಲವರು ಹೆಚ್ಚು ಕೊಟ್ಟು ಬೇಗ ಹೋಗಲಿ. ಆದರೆ ವಿಜಯಪುರದಿಂದ ಬಾಗಲಕೋಟೆಗೆ ಕಚೇರಿಯ ವೇಳೆಗೆ ಮುಟ್ಟಿಸುವ, ಕಾಲೇಜಿನ ಹುಡುಗರು ಪಾಸು ತೆಗೆದುಕೊಂಡು ನಂಬಬಹುದಾದ, ದಿನಕ್ಕೆ ನಾಲ್ಕಾರು ಸಲ ಹೋಗಿ ಬರುವ ಒಂದು ಸಾದಾ ಗಾಡಿಯನ್ನು ಕೇಳಿದರೆ ಯಾರೂ ಬ್ಯಾಂಡು ತರುವುದಿಲ್ಲ. ಏಕೆಂದರೆ ಅಂಥ ಗಾಡಿ ತುಂಬಿ ಓಡಿದಷ್ಟೂ ಖಾತೆಯಲ್ಲಿ ನಷ್ಟ ಬೆಳೆಯುತ್ತದೆ. ಟಿಕೆಟ್ ಅಗ್ಗ, ಗಾಡಿ ಅಪರೂಪ. ಬಡವನಿಗೆ ಸಹಾಯಧನ ಸಿಗುತ್ತದೆ, ಆದರೆ ಅವನಿಗೆ ಅನುಕೂಲವಾದ ಹೊತ್ತಿಗೆ ಅಲ್ಲ.

ಕೊರೊನಾ ಕಾಲದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಲಾಕ್‌ಡೌನ್ ಮುಗಿದು ಪ್ಯಾಸೆಂಜರ್ ಗಾಡಿಗಳು ಮತ್ತೆ ಹೊರಟಾಗ ಅವುಗಳ ಹೆಸರು ಎಕ್ಸ್‌ಪ್ರೆಸ್ ಸ್ಪೆಷಲ್ ಎಂದು ಬದಲಾಗಿತ್ತು. ಅದೇ ಬೋಗಿ, ಅದೇ ವೇಗ, ಅವೇ ನಿಲ್ದಾಣಗಳು; ಆದರೆ ಕನಿಷ್ಠ ಟಿಕೆಟ್ ಹತ್ತು ರೂಪಾಯಿಯ ಬದಲು ಮೂವತ್ತು. ಅದು ಮತ್ತೆ ಹತ್ತಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಇದರ ಭಾರ ಹೊತ್ತವರು ದೂರದ ಪ್ರಯಾಣಿಕರಲ್ಲ. ಗುಳೇದಗುಡ್ಡ ರೋಡಿನಿಂದ ಬಾಗಲಕೋಟೆಗೆ, ಹೊಳೆಆಲೂರಿನಿಂದ ಬಾದಾಮಿಗೆ ಕಾಯಿಪಲ್ಲೆಯ ಬುಟ್ಟಿ ತರುವವರು. ಹಾಗೆಯೇ 2020ರ ಮಾರ್ಚ್‌ನಲ್ಲಿ ನಿಂತ ಹಿರಿಯ ನಾಗರಿಕರ ರಿಯಾಯಿತಿ, ಅಂದರೆ 60 ದಾಟಿದ ಗಂಡಸರಿಗೆ ಶೇ 40 ಮತ್ತು 58 ದಾಟಿದ ಹೆಂಗಸರಿಗೆ ಶೇ 50, ಮತ್ತೆ ಬರಲಿಲ್ಲ. ಎಲ್ಲರಿಗೂ ಆಗಲೇ ಸರಾಸರಿ ಶೇ 46 ರಿಯಾಯಿತಿ ಕೊಡುತ್ತಿದ್ದೇವಲ್ಲ ಎಂಬುದು ಸರ್ಕಾರದ ಉತ್ತರ (ಟಿಕೆಟ್ಟಿನ ಮೇಲಿನ ಸಾಲಿನ ಶೇ 43 ಇದಕ್ಕಿಂತ ಹಳೆಯ ಲೆಕ್ಕ). ಪಿಂಚಣಿ ಪಡೆಯುವ ನನ್ನಂಥವನಿಗೆ ಆ ರಿಯಾಯಿತಿ ಬೇಕಾಗಿಲ್ಲ ಎಂದು ಒಪ್ಪುತ್ತೇನೆ. ಆಷಾಢದ ಏಕಾದಶಿಗೆ ವರ್ಷಕ್ಕೊಮ್ಮೆ ವಿಠ್ಠಲನನ್ನು ನೋಡಲು ಹೋಗುವ ಮುದುಕಿಗೆ ಬೇಕಾಗಿಲ್ಲ ಎನ್ನುವ ಧೈರ್ಯ ನನಗಿಲ್ಲ. ಇಬ್ಬರನ್ನೂ ಬೇರ್ಪಡಿಸುವ ದಾರಿ ಹಿಂದೆ ಒಮ್ಮೆ ತೆರೆದಿತ್ತು. 2009ರಲ್ಲಿ ತೀರ ಕಡಿಮೆ ಆದಾಯದವರಿಗೆ 25 ರೂಪಾಯಿಯ ಇಜ್ಜತ್ ಮಾಸಿಕ ಪಾಸು ತಂದಿದ್ದರು. ಆದರೆ ಆದಾಯ ಪ್ರಮಾಣಪತ್ರಕ್ಕಾಗಿ ಕಚೇರಿಗಳ ಮೆಟ್ಟಿಲು ಹತ್ತಿಳಿಯುವ ಶಕ್ತಿ ಇರುವವನಿಗೆ ಆ ಪಾಸಿನ ಗರಜು ಕಡಿಮೆ ಎಂಬುದು ಇಂಥ ಯೋಜನೆಗಳ ಹಳೆಯ ಕಥೆ. ಅದಕ್ಕೇ ನಾನು ಎಲ್ಲರಿಗೂ ಒಂದೇ ದರದ, ಯಾರ ಮುಂದೆಯೂ ಕಾಗದ ಹಿಡಿಯಬೇಕಿಲ್ಲದ ಜನರಲ್ ಟಿಕೆಟ್ಟಿನ ಪರ.

ದರ ಏರಿಸುವುದು ಎಷ್ಟು ಕಠಿಣ ಎಂಬುದಕ್ಕೆ 2012ರ ಉದಾಹರಣೆ ಸಾಕು. ಆ ವರ್ಷದ ಮಾರ್ಚ್‌ನಲ್ಲಿ ರೈಲ್ವೆ ಬಜೆಟ್ಟಿನಲ್ಲಿ ಪೈಸೆಗಳ ಲೆಕ್ಕದಲ್ಲಿ ದರ ಏರಿಸಿದ ದಿನೇಶ್ ತ್ರಿವೇದಿ ಅವರು ಕೆಲವೇ ದಿನಗಳಲ್ಲಿ ತಮ್ಮ ಪಕ್ಷದ ಒತ್ತಡದಿಂದಲೇ ಖಾತೆ ಕಳೆದುಕೊಂಡರು. ಆಮೇಲೆ ಬಂದವರು ಆ ಪಾಠವನ್ನು ಮರೆತಿಲ್ಲ. 2020ರ ಜನವರಿಯಲ್ಲಿ ಒಂದೆರಡು ಪೈಸೆ, 2025ರ ಜುಲೈನಲ್ಲಿ ಸಾಮಾನ್ಯ ಎರಡನೆ ದರ್ಜೆಗೆ 500 ಕಿ.ಮೀ. ದಾಟಿದ ಮೇಲೆ ಅರ್ಧ ಪೈಸೆ. ಹೀಗೆ ಹಳ್ಳಕ್ಕೆ ಹೆದರಿ ತುದಿಗಾಲಲ್ಲಿ ನಡೆದಂತೆ ಏರಿಸುತ್ತಾರೆ. ಪ್ರಯಾಣಿಕನನ್ನು ಮುಟ್ಟಲು ಹೆದರಿದಷ್ಟೂ ಗೂಡ್ಸಿನ ಮೇಲೆ ಕೈ ಭಾರವಾಗುತ್ತದೆ. ಕಲ್ಲಿದ್ದಲಿಗೆ ಬೇರೆ ದಾರಿ ಇಲ್ಲದ್ದರಿಂದ ಅದು ಸಹಿಸುತ್ತದೆ. ಸಿಮೆಂಟು, ಸಕ್ಕರೆ, ಹಣ್ಣುಹಂಪಲು ಲಾರಿ ಹತ್ತುತ್ತವೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನ ಬಹುಪಾಲು ರೈಲಿನಲ್ಲಿತ್ತು, ಈಗ ಬಹುಪಾಲು ಲಾರಿಯಲ್ಲಿದೆ. ಮುಧೋಳ, ಬಾಗಲಕೋಟೆ ಭಾಗದ ಸಿಮೆಂಟು, ಇಂಡಿಯ ನಿಂಬೆ, ತಿಕೋಟಾದ ದ್ರಾಕ್ಷಿ ಎಲ್ಲ ಹೆದ್ದಾರಿಯಲ್ಲಿ ಹೊಗೆಯುಗುಳುತ್ತ ಸಾಗುವುದರ ಹಿಂದೆ ಗೂಡ್ಸಿನ ದುಬಾರಿ ದರವೂ ಒಂದು ಕಾರಣ, ಅದೊಂದೇ ಕಾರಣ ಅಲ್ಲದಿದ್ದರೂ.

ಹೀಗೆ ಸುತ್ತು ಬಳಸಿ ಬರುವ ಸಹಾಯಧನದ ಬಿಸಿ ತಾಗುವುದು ರೈಲು ಇರುವ ಊರಿಗೆ ಮಾತ್ರ ಅಲ್ಲ. ಕರೆಂಟು ಎಲ್ಲ ಊರಿಗೂ ಇದೆ, ಸಿಮೆಂಟು ಎಲ್ಲ ಊರಿನ ಮನೆಗೂ ಬೇಕು. ಮುಧೋಳ, ಜಮಖಂಡಿ, ನೇಕಾರರ ರಬಕವಿ–ಬನಹಟ್ಟಿ, ತೇರದಾಳ ಈ ಊರುಗಳ ಜನ ದಶಕಗಳಿಂದ ತಮ್ಮ ಬೆಳಕಿನಲ್ಲಿ, ತಮ್ಮ ಗೋಡೆಯಲ್ಲಿ ನನ್ನ ರೈಲು ಟಿಕೆಟ್ಟಿಗೆ ಪಾಲು ಕೊಟ್ಟಿದ್ದಾರೆ, ತಮ್ಮ ಊರಿನಲ್ಲಿ ಗಾಡಿಯ ಸೀಟಿ ಕೇಳದೆ. ಬಾಗಲಕೋಟೆಯಿಂದ ಬೆಳಗಾವಿಗೆ ರೈಲಿನಲ್ಲಿ ಹೋಗಬೇಕಾದರೆ ಗದಗ, ಹುಬ್ಬಳ್ಳಿ, ಲೋಂಡಾ ಸುತ್ತಬೇಕು. ಈ ಸುತ್ತನ್ನು ತಪ್ಪಿಸಬಲ್ಲ ಬಾಗಲಕೋಟೆಯಿಂದ ಬೆಳಗಾವಿ ಜಿಲ್ಲೆಯ ಕುಡಚಿಗೆ ಹೋಗುವ 142 ಕಿ.ಮೀ. ಉದ್ದದ ಮಾರ್ಗ 2010ರಲ್ಲಿ ಮಂಜೂರಾಯಿತು. ಅರ್ಧ ಖರ್ಚು ರಾಜ್ಯದ್ದು, ಭೂಮಿಯೂ ರಾಜ್ಯದ್ದು. ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಹಾಕಲಿಕ್ಕೇ ವರ್ಷಗಟ್ಟಲೆ ಹಿಡಿಯಿತು. ಧರಣಿ, ಬಂದ್, ಮನವಿಪತ್ರ ಇವುಗಳಲ್ಲಿ ಒಂದು ಪೀಳಿಗೆಯ ಹೋರಾಟಗಾರರು ಮುದುಕರಾದರು. ಬೆಳಗಾವಿಯ ಸಂಸದ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಮುಂದಕ್ಕೆ ತಂದ ಕಿತ್ತೂರು ಮೂಲಕದ ಬೆಳಗಾವಿ–ಧಾರವಾಡ ನೇರ ಮಾರ್ಗಕ್ಕೂ ಇದೇ ಅರ್ಧರ್ಧ ಹಂಚಿಕೆಯ ಏರ್ಪಾಡು ಆಯಿತು.

ಹಳಿ ಹಾಕುವುದರಲ್ಲಿ ಪಾಲುದಾರಿಕೆ ಒಪ್ಪಿಕೊಂಡ ಎರಡೂ ಸರ್ಕಾರಗಳು ಗಾಡಿ ಓಡಿಸುವುದರಲ್ಲಿ ಏಕೆ ಒಪ್ಪಿಕೊಳ್ಳಬಾರದು ಎಂಬುದು ನನ್ನ ಪ್ರಶ್ನೆ. ಶಕ್ತಿ ಯೋಜನೆಯನ್ನು ಎಷ್ಟು ಬೇಕಾದರೂ ಟೀಕಿಸಬಹುದು, ಆದರೆ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ: ಶೂನ್ಯ ಟಿಕೆಟ್ ಹರಿದಷ್ಟೂ ಸಾರಿಗೆ ನಿಗಮಕ್ಕೆ ರಾಜ್ಯ ಬಜೆಟ್ಟಿನಿಂದ ಹಣ ಕೊಡಬೇಕು, ಅದು ಬಾಕಿ ಉಳಿದರೆ ಸದನದಲ್ಲಿ ಜಗಳ ಆಗುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಹಣ ಬರುತ್ತದೆ ಎಂದಾದರೆ ಬಸ್ಸು ತುಂಬುವುದು ನಿಗಮಕ್ಕೆ ಶಾಪವಾಗುವುದಿಲ್ಲ. ಜರ್ಮನಿಯಲ್ಲಿ 1996ರಿಂದ ಪ್ರಾದೇಶಿಕ ರೈಲುಗಳನ್ನು ರಾಜ್ಯಗಳೇ ಗುತ್ತಿಗೆ ಕೊಟ್ಟು ಓಡಿಸುತ್ತವೆ. ಇಂಥ ಮಾರ್ಗದಲ್ಲಿ ದಿನಕ್ಕೆ ಇಷ್ಟು ಗಾಡಿ, ಇಂಥ ಹೊತ್ತಿಗೆ, ಅದಕ್ಕೆ ಇಷ್ಟು ಹಣ ಎಂದು ಕರಾರು ಆಗುತ್ತದೆ, ಹಣ ಹೆಚ್ಚಾಗಿ ಕೇಂದ್ರದಿಂದ ಬರುತ್ತದೆ. ಅಲ್ಲಿಯೂ ಎಲ್ಲ ಸುಖವಾಗಿಲ್ಲ. 2022ರ ಬೇಸಿಗೆಯಲ್ಲಿ ತಿಂಗಳಿಗೆ ಒಂಬತ್ತು ಯೂರೋ ಟಿಕೆಟ್ ಕೊಟ್ಟಾಗ ಗಾಡಿಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆದರೂ ಯಾರು ಕೊಡುತ್ತಾರೆ, ಏತಕ್ಕೆ ಕೊಡುತ್ತಾರೆ ಎಂಬುದು ಅಲ್ಲಿ ಕಾಗದದ ಮೇಲೆ ಇದೆ. ನಮ್ಮಲ್ಲಿ ಸಹಾಯಧನವನ್ನು ಟಿಕೆಟ್ಟಿಗೆ ಕೊಡುತ್ತೇವೆ. ಓಡಿದ ಗಾಡಿಗೆ ಕೊಡಬೇಕಾಗಿತ್ತು.

ಆ ಹಣವನ್ನು ಕೇಂದ್ರ ಬಜೆಟ್ಟಿನಲ್ಲಿ ಬೇರೆ ಶೀರ್ಷಿಕೆಯಡಿ ತೋರಿಸಿ, ಕಲ್ಲಿದ್ದಲಿನ ಮೇಲಿನ ಹೆಚ್ಚುವರಿ ಭಾರವನ್ನು ಅಷ್ಟರಮಟ್ಟಿಗೆ ಇಳಿಸಿದರೆ ತೆರಿಗೆದಾರನಿಗೆ ಹೊರೆ ಏರುತ್ತದೆ, ಕರೆಂಟಿನ ಹೊರೆ ಇಳಿಯುತ್ತದೆ. ಒಟ್ಟು ಮೊತ್ತ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಯಾರನ್ನು ಪ್ರಶ್ನೆ ಕೇಳಬಹುದು ಎಂಬುದು. ಜೊತೆಗೆ ಜನರಲ್ ಟಿಕೆಟ್ಟನ್ನು ಐದು, ಹತ್ತು ರೂಪಾಯಿ ಏರಿಸಿ ಬೆಳಿಗ್ಗೆ ಎರಡು, ಸಂಜೆ ಎರಡು ಗಾಡಿ ಹೆಚ್ಚು ಬಿಟ್ಟರೆ ನಮ್ಮ ಕಡೆಯ ಜನ ಬೇಡ ಎನ್ನುವುದಿಲ್ಲ ಎಂಬುದು ನನ್ನ ಅನಿಸಿಕೆ. ಹೊತ್ತಿಗೆ ಸರಿಯಾದ ಗಾಡಿ ಇಲ್ಲವೆಂದು ಅವರು ಇಂದೂ ಬಸ್ಸಿಗೆ, ಕ್ರೂಸರಿಗೆ ಎರಡು ಪಟ್ಟು, ಮೂರು ಪಟ್ಟು ಕೊಡುತ್ತಿದ್ದಾರೆ. ಏರಿಕೆಗೆ ಎದುರಾಡುವವರಲ್ಲಿ ಹೆಚ್ಚಿನವರು ಏರಿಕೆಯಿಂದ ತಮಗೆ ಏನೂ ಸಿಗುವುದಿಲ್ಲ ಎಂಬ ಅನುಭವದಿಂದ ಎದುರಾಡುತ್ತಾರೆ.

ಕುಡಚಿಯ ಮಾರ್ಗ ಇಂದಲ್ಲ ನಾಳೆ ಮುಗಿಯುತ್ತದೆ. ಆ ದಿನ ಮೊದಲ ಗಾಡಿಗೆ ಹಸಿರು ಬಾವುಟ ತೋರಿಸಲು ಮಂತ್ರಿಗಳ ಕೊರತೆ ಆಗಲಾರದು. ಆದರೆ ಅಲ್ಲಿ ಸಿಮೆಂಟಿನ, ಸಕ್ಕರೆಯ ಗೂಡ್ಸ್ ಓಡಿದರೆ ರೈಲ್ವೆಗೆ ಲಾಭ, ಜಮಖಂಡಿಯಿಂದ ಬೆಳಗಾವಿಗೆ ಪ್ಯಾಸೆಂಜರ್ ಓಡಿದರೆ ನಷ್ಟ. ಈಗಿನ ಪದ್ಧತಿಯೇ ಮುಂದುವರಿದರೆ ಎರಡರಲ್ಲಿ ಯಾವುದಕ್ಕೆ ದಾರಿ ಸಿಗುತ್ತದೆ ಎಂದು ಊಹಿಸಲು ಲೂಪ್ ಲೈನಿನಲ್ಲಿ ಕಾದ ಅನುಭವ ಸಾಕು. ಹೋರಾಟ ಸಮಿತಿಯ ಗೆಳೆಯರು ಮುಂದಿನ ಮನವಿಪತ್ರ ಬರೆಯುವಾಗ ಕಾಮಗಾರಿ ಬೇಗ ಮುಗಿಸಿ ಎಂಬ ಬೇಡಿಕೆಯ ಕೆಳಗೆ ಇನ್ನೊಂದನ್ನು ಸೇರಿಸಲಿ: ದಿನಕ್ಕೆ ಎಷ್ಟು ಪ್ಯಾಸೆಂಜರ್ ಗಾಡಿ, ಯಾವ ಹೊತ್ತಿಗೆ, ಅದರ ಕೊರತೆಯಲ್ಲಿ ರಾಜ್ಯದ ಪಾಲೆಷ್ಟು, ಕೇಂದ್ರದ ಪಾಲೆಷ್ಟು ಎಂಬ ಕರಾರನ್ನು ಹಳಿ ಕುಡಚಿ ಮುಟ್ಟುವ ಮೊದಲೇ ಬರೆದು ಸಹಿ ಹಾಕಿ ಎಂದು.